ಕೂ ಹಾಕುವವನ ಬಾಯಿಗೆ ಬಿರಡೆ

ಅಡಿಕೆ ಸುಲಿಯುವ ಚಪ್ಪರದಲ್ಲಿ ಸಿಗದ ಸುದ್ದಿ ಇಲ್ಲ. ತೀರ್ಥಹಳ್ಳಿ ಹತ್ತಿರದ ನೆಂಟರ ಮನೆಯಲ್ಲಿ ಒಬ್ಬರು ಮೆಟ್ಟುಗತ್ತಿಯಿಂದ ತಲೆ ಎತ್ತದೆ ಹೇಳಿದರು: "ಕ್ಯಾನ್ಸರ್‌ಗೆ ಮದ್ದು ಯಾವಾಗಲೋ ಸಿಕ್ಕಿದೆ ಮಾರಾಯ್ರೆ, ಕಂಪನಿಯವರು ಮುಚ್ಚಿಟ್ಟಿದಾರೆ."

"ಯಾವ ಕ್ಯಾನ್ಸರ್‌ಗೆ?" ಅಂತ ಕೇಳಿದೆ. ಅವರಿಗೆ ಕಿರಿಕಿರಿಯಾಯಿತು. ಕ್ಯಾನ್ಸರ್ ಅಂದ್ರೆ ಕ್ಯಾನ್ಸರ್, ಅಲ್ವಾ? ಅಲ್ಲ.

ಫೋನು ಬರುವ ಮೊದಲು ನಮ್ಮ ಒಂಟಿಮನೆಗಳಿಗೆ ಸುದ್ದಿ ಹೋಗುತ್ತಿದ್ದುದು ಕೂ ಹಾಕಿ. ಗುಡ್ಡದ ಮೇಲಿನವನು ಕೂಗಿದರೆ ಕೆಳಗಿನವನು ಕೇಳಿಸಿಕೊಂಡು ಆಚೆ ಮನೆಗೆ ಕೂಗುತ್ತಿದ್ದ. ಜೀವಕೋಶದೊಳಗೂ ಹೀಗೇ. 'ಬೆಳೆಯಿರಿ' ಎಂಬ ಸುದ್ದಿ ಹೊರಗಿಂದ ಬರುತ್ತದೆ. ಹೊರಪೊರೆಯ ಮೇಲೆ, ದಣಪೆ ಹತ್ತಿರ ನಿಂತವನ ಹಾಗೆ, ಒಂದು ಪ್ರೋಟೀನ್ ಅದನ್ನು ಹಿಡಿಯುತ್ತದೆ. ಅಲ್ಲಿಂದ ರಾಸ್ ಎಂಬ ಇನ್ನೊಂದು ಪ್ರೋಟೀನಿಗೆ, ರಾಸ್‌ನಿಂದ ರಾಫ್‌ಗೆ, ಆಮೇಲೆ ಮೆಕ್, ಅರ್ಕ್. (ನಾಯಿಗೆ ಇಟ್ಟ ಹೆಸರಿನ ಹಾಗಿವೆ. ಇಟ್ಟವನು ನಾನಲ್ಲ.) ಕೊನೆಗೆ ಸುದ್ದಿ ಕೋಶಕೇಂದ್ರ ಮುಟ್ಟುತ್ತದೆ, ಕೋಶ ಎರಡಾಗುತ್ತದೆ. ಕೆಲಸ ಮುಗಿದ ಮೇಲೆ ಕೂಗು ನಿಲ್ಲಬೇಕು. ಕ್ಯಾನ್ಸರ್ ಕೋಶದಲ್ಲಿ ನಡುವೆ ಒಬ್ಬ, ಯಾರೂ ಹೇಳದಿದ್ದರೂ, ಹಗಲು ರಾತ್ರಿ ಕೂಗುತ್ತಲೇ ಇರುತ್ತಾನೆ.

ಹಳೆಯ ಕೀಮೋ ಹೆಚ್ಚಾಗಿ ಕೋಶ ಎರಡಾಗುವ ಕೆಲಸಕ್ಕೇ ಕೈ ಹಾಕುತ್ತದೆ. ಬೇಗ ಬೇಗ ಎರಡಾಗುವ ಒಳ್ಳೆಯ ಕೋಶಗಳಿಗೂ ಪೆಟ್ಟು ಬೀಳುತ್ತದೆ, ಅದಕ್ಕೇ ಕೂದಲು ಉದುರುವುದು, ಹೊಟ್ಟೆ ಕೆಡುವುದು. ನಮ್ಮ ಘಟ್ಟದ ದುರ್ವಾಸನೆ ಮರದಲ್ಲಿರುವ ಕ್ಯಾಂಪ್ಟೊಥೆಸಿನ್ ಈ ಗುಂಪಿನದು. 1966ರಲ್ಲಿ ಅಮೆರಿಕದವರು ಚೀನಾದ ಬೇರೊಂದು ಮರದಿಂದ ಅದನ್ನು ಬೇರ್ಪಡಿಸಿದರು. ರೋಗಿಗಳಿಗೆ ಕೊಟ್ಟಾಗ ಮೂತ್ರಕೋಶದಲ್ಲಿ ರಕ್ತ ಬಂತು, ಪ್ರಯೋಗ ಕೈಬಿಟ್ಟರು. ಆಮೇಲೆ ಅದನ್ನು ಬದಲಿಸಿ ಟೊಪೊಟೆಕಾನ್, ಇರಿನೊಟೆಕಾನ್ ಮಾಡಿದರು. ಈ ಮರದ ವಿಷಯ ತಿಳಿದ ಕೂಡಲೇ ಚಕ್ಕೆ ಕುದಿಸಿ ಕುಡಿಯಲು ಹೊರಡುವವರಿಗೆ ಇಷ್ಟು ಹೇಳಬೇಕಾಯಿತು.

ಕೂಗುವವನನ್ನೇ ಹುಡುಕಿ ಬಾಯಿಗೆ ಬಿರಡೆ ಹಾಕುವುದು ಬೇರೆಯೇ ದಾರಿ. 1960ರಲ್ಲಿ ಫಿಲಡೆಲ್ಫಿಯಾದಲ್ಲಿ ನೋವೆಲ್ ಮತ್ತು ಹಂಗರ್‌ಫೋರ್ಡ್ ಸಿಎಂಎಲ್ ಎಂಬ ರಕ್ತದ ಕ್ಯಾನ್ಸರ್‌ನಲ್ಲಿ ಒಂದು ಗಿಡ್ಡ ಕ್ರೋಮೋಸೋಮ್ ಕಂಡರು. 1973ರಲ್ಲಿ ಶಿಕಾಗೋದ ಜಾನೆಟ್ ರೌಲಿ ಅದರ ಗುಟ್ಟು ಬಿಡಿಸಿದರು: 9 ಮತ್ತು 22ನೆಯ ಕ್ರೋಮೋಸೋಮ್‌ಗಳು ತುಂಡು ಅದಲುಬದಲು ಮಾಡಿಕೊಂಡಿದ್ದವು. ಹಾಗೆ ಎರಡು ಜೀನ್ ಬೆಸೆದು ಹುಟ್ಟಿದ ಪ್ರೋಟೀನೇ ಬಿಸಿಆರ್-ಏಬಿಎಲ್, ಸಿಎಂಎಲ್‌ನಲ್ಲಿ ಕೂಗುವವನು.

ಇದು ಕೆಟ್ಟ ಸ್ಟಾರ್ಟರ್ ಇದ್ದ ಹಾಗೆ. ಹಸಿರು ಬಟನ್ ಕಚ್ಚಿಕೊಂಡಿದೆ, ತೋಟ ಕೊಳೆತರೂ ಮೋಟಾರ್ ನಿಲ್ಲುವುದಿಲ್ಲ. ಇದರ ಕರೆಂಟ್ ಅಂದರೆ ಎಟಿಪಿ, ಕೋಶಕ್ಕೆ ಶಕ್ತಿ ಒದಗಿಸುವ ಅಣು. ಪ್ರೋಟೀನಿನ ಒಂದು ಗುಳಿಯಲ್ಲಿ ಎಟಿಪಿ ಕೂರುತ್ತದೆ, ಅದರಿಂದ ಫಾಸ್ಫೇಟ್ ಕಿತ್ತು ಮುಂದಿನ ಪ್ರೋಟೀನಿಗೆ ಅಂಟಿಸುವುದೇ ಕೂಗು. ಇಮ್ಯಾಟಿನಿಬ್ ಎಂಬ ಮದ್ದು ಆ ಗುಳಿಯಲ್ಲೇ ಹೋಗಿ ಕೂರುತ್ತದೆ. ಫ್ಯೂಸ್ ಕಿತ್ತು ಆ ಜಾಗಕ್ಕೆ ಮರದ ತುಂಡು ಸಿಕ್ಕಿಸಿದರೆ ಮೋಟಾರ್ ಓಡುತ್ತದಾ?

1998ರಲ್ಲಿ ಅಮೆರಿಕದ ವೈದ್ಯ ಬ್ರಯಾನ್ ಡ್ರುಕರ್ ಮತ್ತು ಜೊತೆಗಾರರು ಇದನ್ನು ರೋಗಿಗಳಿಗೆ ಕೊಡತೊಡಗಿದರು. ಆಗಿನ ಮದ್ದಾದ ಇಂಟರ್‌ಫೆರಾನ್‌ಗೆ ರೋಗ ಬಗ್ಗದೆ, ದಿನಕ್ಕೆ 300 ಮಿಲಿಗ್ರಾಂ ಅಥವಾ ಜಾಸ್ತಿ ತೆಗೆದುಕೊಂಡ 54 ಜನರಲ್ಲಿ 53 ಜನರ ರಕ್ತದ ಎಣಿಕೆ ಸರಿಯಾಯಿತು. 2001ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಮುಚ್ಚಿಟ್ಟಿದ್ದರಂತೆ! ಬೆಲೆಯ ಜಗಳ ಬೇಕಾದರೆ ಆಡೋಣ, ಅದು ನಿಜವಾದ ಜಗಳ. 2013ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಇದಕ್ಕೆ ಪೇಟೆಂಟ್ ಕೊಡಲು ಒಪ್ಪದೆ, ಅಗ್ಗದ ಜನರಿಕ್ ಮಾತ್ರೆಗೆ ದಾರಿ ಉಳಿಯಿತು.

ಆದರೆ ಕ್ಯಾನ್ಸರ್ ಕೂಡ ಸುಮ್ನೆ ಕೂರುವುದಿಲ್ಲ. ಆ ಗುಳಿಯಲ್ಲಿರುವ, ಏಬಿಎಲ್‌ನ 315ನೆಯ ಅಮೈನೋ ಆಮ್ಲ ಒಂದು ಬದಲಾದರೆ ಸಾಕು, ಬಿರಡೆ ಹಿಡಿಯುವುದಿಲ್ಲ. ಆಗ ಪೊನಾಟಿನಿಬ್‌ನಂಥ ಬೇರೆ ಅಳತೆಯ ಬಿರಡೆ ಬೇಕು. ಇನ್ನು ಬೇರೆ ಕ್ಯಾನ್ಸರ್‌ಗಳಲ್ಲಿ ಕೂಗುವವನೇ ಬೇರೆ. ಕೆಲವರ ಶ್ವಾಸಕೋಶದ ಕ್ಯಾನ್ಸರ್‌ನಲ್ಲಿ ದಣಪೆಯಲ್ಲಿ ನಿಂತ ಇಜಿಎಫ್‌ಆರ್ ಎಂಬ ಪ್ರೋಟೀನೇ ಬದಲಾಗಿ ಕೂಗುತ್ತಿರುತ್ತದೆ. ಅದಕ್ಕೆ ಜೆಫಿಟಿನಿಬ್ ಇದೆ. ಆ ಬದಲಾವಣೆ ಇಲ್ಲದವರಿಗೆ ಅದೇ ಮಾತ್ರೆ ಹೆಚ್ಚೇನೂ ಮಾಡದು.

ಇದನ್ನೆಲ್ಲ ಹೇಳಿ ಮುಗಿಸುವಾಗ ಅವರ ಬುಟ್ಟಿ ತುಂಬಿತ್ತು. "ನಮ್ಮ ಭಾವಂದು ಶ್ವಾಸಕೋಶದ್ದೇ" ಅಂದರು, ಮೊದಲ ಸಲ ತಲೆ ಎತ್ತಿ. ಇಜಿಎಫ್‌ಆರ್ ಪರೀಕ್ಷೆ ಮಾಡಿಸಿದಾರಾ ಅಂತ ಕೇಳಿದೆ.

"ಡಾಕ್ಟ್ರು ಏನೋ ಬರೆದುಕೊಟ್ಟಿದ್ರು. ಚೀಟಿ ಫೈಲಲ್ಲೇ ಇರಬೇಕು" ಎಂದು ಫೋನು ಹಿಡಿದು, ಸಿಗ್ನಲ್ ಸಿಗುವ ಗುಡ್ಡದ ಕಡೆ ಹತ್ತಿದರು.