ಸಮೀಕ್ಷೆಯಲ್ಲಿ ‘ಬೇಕು’, ಮತಪೆಟ್ಟಿಗೆಯಲ್ಲಿ ‘ಬೇಡ’: ಕ್ರೀಡಾಕೂಟದ ಜನಬೆಂಬಲವನ್ನು ಅಳೆಯುವುದು ಹೇಗೆ?

ಪ್ರಶ್ನೆ: ಒಲಿಂಪಿಕ್ಸ್‌ನಂಥ ಕೂಟ ನಡೆಸಲು ಯಾವುದೇ ನಗರ ಮುಂದೆ ಬಂದಾಗ ‘ಬಹುಪಾಲು ಜನರ ಬೆಂಬಲವಿದೆ’ ಎಂಬ ಸಮೀಕ್ಷೆ ಹೊರಬೀಳುತ್ತದೆ. ಆಮೇಲೆ ಮತಕ್ಕೆ ಹಾಕಿದರೆ ಎಷ್ಟೋ ಕಡೆ ಜನ ಬೇಡ ಎಂದುಬಿಡುತ್ತಾರೆ. ಸಮೀಕ್ಷೆ ಸುಳ್ಳೇ, ಅಥವಾ ಜನ ಮನಸ್ಸು ಬದಲಿಸುತ್ತಾರೆಯೇ?

ಉತ್ತರ: ಹೆಚ್ಚಿನ ಸಲ ಎರಡೂ ಅಲ್ಲ. ಸಮೀಕ್ಷೆ ಕೇಳಿದ್ದು ಒಂದು ಪ್ರಶ್ನೆ, ಮತದಾರ ಉತ್ತರಿಸಿದ್ದು ಇನ್ನೊಂದಕ್ಕೆ. ಫೋನಿನಲ್ಲಿ ಯಾರೋ ‘ನಿಮ್ಮ ಊರಲ್ಲಿ ಒಲಿಂಪಿಕ್ಸ್ ನಡೆದರೆ ಹೇಗೆ?’ ಎಂದರೆ ‘ನಡೆಯಲಿ, ಒಳ್ಳೆಯದೇ’ ಎನ್ನಲು ಏನೂ ಖರ್ಚಿಲ್ಲ. ಮತಪತ್ರ ಕೈಗೆ ಬಂದ ದಿನ ಮನಸ್ಸಿನಲ್ಲಿರುವ ಪ್ರಶ್ನೆ ಬೇರೆ: ಲೆಕ್ಕ ತಪ್ಪಿದರೆ ದುಡ್ಡು ಕಟ್ಟುವವರು ಯಾರು? ಬೆಂಬಲದ ಅಂಕಿ ಏರುವುದೂ ಇಳಿಯುವುದೂ ಬಹುಮಟ್ಟಿಗೆ ಈ ಎರಡನೇ ಪ್ರಶ್ನೆಗೆ ಸಿಗುವ ಉತ್ತರದ ಮೇಲೆ.

ಜರ್ಮನಿಯ ಹ್ಯಾಂಬರ್ಗ್ ನಗರವನ್ನೇ ನೋಡಿ. 2024ರ ಒಲಿಂಪಿಕ್ಸ್‌ಗೆ ಅದು ಸಿದ್ಧಪಡಿಸಿದ ಯೋಜನೆ ಕೆಟ್ಟದಾಗಿರಲಿಲ್ಲ. ನದಿಯ ನಡುವಿನ ಹಳೆಯ ಬಂದರು ಪ್ರದೇಶವನ್ನು ಹೊಸ ಬಡಾವಣೆ ಮಾಡುವ ಆಲೋಚನೆ ಅದರಲ್ಲಿತ್ತು. ಮೊದಲ ಸಮೀಕ್ಷೆಗಳಲ್ಲಿ ಬೆಂಬಲವೇ ಮುಂದಿತ್ತು. 2015ರ ನವೆಂಬರ್ 29ರಂದು ಮತ ಎಣಿಸಿದಾಗ ಶೇ 51.6 ಮಂದಿ ಬೇಡ ಎಂದಿದ್ದರು. ಒಟ್ಟು ವೆಚ್ಚ 1,120 ಕೋಟಿ ಯೂರೊ, ಅದರಲ್ಲಿ 740 ಕೋಟಿ ಸಾರ್ವಜನಿಕ ಹಣ. ನಗರ ತನ್ನ ಪಾಲು 120 ಕೋಟಿಗೆ ಸೀಮಿತ ಎಂದಿತು, ಉಳಿದದ್ದನ್ನು ಕೇಂದ್ರ ಸರ್ಕಾರ ಕೊಡಬೇಕಿತ್ತು. ಮತದಾನದ ದಿನದವರೆಗೂ ಕೇಂದ್ರ ಅದಕ್ಕೆ ಒಪ್ಪಿಗೆ ಕೊಟ್ಟಿರಲಿಲ್ಲ. ಎರಡು ವಾರ ಮೊದಲು ಪ್ಯಾರಿಸ್‌ನಲ್ಲಿ ಭಯೋತ್ಪಾದಕ ದಾಳಿ ನಡೆದಿತ್ತು, ಫುಟ್‌ಬಾಲ್ ಆಡಳಿತದ ಹಗರಣಗಳೂ ಸುದ್ದಿಯಲ್ಲಿದ್ದವು. ಅವೂ ಪರಿಣಾಮ ಬೀರಿರಬಹುದು. ಆದರೂ ಹಣ ಯಾರದು ಎಂಬುದೇ ಇತ್ಯರ್ಥವಾಗದ ಯೋಜನೆಗೆ ಸಹಿ ಹಾಕಿ ಎಂದರೆ ಎಚ್ಚರವುಳ್ಳ ಮತದಾರ ಹಿಂಜರಿಯುವುದು ಸಹಜ.

ಈಗ ಸಮೀಕ್ಷೆಯ ಪ್ರಶ್ನಾವಳಿಯನ್ನು ಹತ್ತಿರದಿಂದ ನೋಡೋಣ. ಒಂದೇ ವಿಷಯವನ್ನು ಮೂರು ರೀತಿ ಕೇಳಬಹುದು:

‘ನಮ್ಮ ನಗರ ಕೂಟದ ಆತಿಥ್ಯ ವಹಿಸುವುದನ್ನು ನೀವು ಬೆಂಬಲಿಸುತ್ತೀರಾ?’
‘ಇದಕ್ಕಾಗಿ ನಗರದ ತೆರಿಗೆ ಹಣ ಬಳಸಿದರೂ ಬೆಂಬಲಿಸುತ್ತೀರಾ?’
‘ಅಂದಾಜಿಗಿಂತ ಹೆಚ್ಚಾದ ವೆಚ್ಚವನ್ನೆಲ್ಲ ನಗರವೇ ತುಂಬಬೇಕಾಗಿ ಬಂದರೂ ಬೆಂಬಲಿಸುತ್ತೀರಾ?’

ಮೊದಲನೆಯದಕ್ಕೆ ಬಂದಷ್ಟು ಬೆಂಬಲ ಮೂರನೆಯದಕ್ಕೆ ಬರುವುದಿಲ್ಲ. ಪ್ರಕಟವಾಗುವುದು ಮಾತ್ರ ಬಹುತೇಕ ಮೊದಲನೆಯದರ ಉತ್ತರ. ಪ್ರಶ್ನೆಗಳ ಸರದಿಯೂ ಮುಖ್ಯ. ‘ಕೂಟದಿಂದ ನಗರಕ್ಕೆ ಹೆಸರು ಬರುತ್ತದೆಯೇ?’, ‘ಯುವಕರಿಗೆ ಸ್ಫೂರ್ತಿ ಸಿಗುತ್ತದೆಯೇ?’ ಎಂದು ಎರಡು ಸಲ ಹೌದು ಅನ್ನಿಸಿಕೊಂಡ ಮೇಲೆ ಬೆಂಬಲದ ಪ್ರಶ್ನೆ ಕೇಳಿದರೆ ಮೂರನೇ ‘ಹೌದು’ ತಾನಾಗಿಯೇ ಬಾಯಿಗೆ ಬರುತ್ತದೆ. ಬಸ್ಸು, ಬಾಡಿಗೆ, ನೀರಿನ ಬಗ್ಗೆ ಮೊದಲು ಕೇಳಿದರೆ ಅದೇ ವ್ಯಕ್ತಿ ತಡವರಿಸುತ್ತಾನೆ. ಆದ್ದರಿಂದ ಒಂದು ಅಂಕಿಯನ್ನು ನಂಬುವ ಮೊದಲು ಪೂರ್ತಿ ಪ್ರಶ್ನಾವಳಿಯನ್ನು ಕೇಳಿ ಪಡೆಯಬೇಕು. ಸಮೀಕ್ಷೆ ಮಾಡಿಸಿದವರು ಅದನ್ನು ಕೊಡಲು ಒಪ್ಪದಿದ್ದರೆ ಆ ಅಂಕಿಯನ್ನು ಪಕ್ಕಕ್ಕಿಡುವುದೇ ಸರಿ. 2026ರ ಚಳಿಗಾಲದ ಕೂಟದ ಬಗ್ಗೆ ಕೆನಡಾದ ಕ್ಯಾಲ್ಗರಿ ನಗರ 2018ರಲ್ಲಿ ಕೊಟ್ಟ ಮತಪತ್ರ ಈ ವಿಷಯದಲ್ಲಿ ಒಳ್ಳೆಯ ಮಾದರಿ: ‘ಪರವೇ, ವಿರುದ್ಧವೇ’ ಎಂದು ಎರಡನ್ನೂ ಸಮವಾಗಿ ಕೇಳಿ, ಎರಡು ಉತ್ತರಗಳನ್ನೂ ಪೂರ್ಣ ವಾಕ್ಯದಲ್ಲಿ ಮುದ್ರಿಸಿದ್ದರು.

ಎಷ್ಟು ಜನರನ್ನು ಕೇಳಿದ್ದಾರೆ ಎಂಬುದನ್ನೂ ನೋಡಬೇಕು. ಸರಿಯಾಗಿ ಆಯ್ದ ಸಾವಿರ ಜನರ ಸಮೀಕ್ಷೆಯಲ್ಲಿ ಶೇ 3ರಷ್ಟು ಆಚೀಚೆ ಆಗಬಹುದು, 400 ಜನರಾದರೆ ಶೇ 5. ಅದೇ ಸಾವಿರದಲ್ಲಿ ಕ್ರೀಡಾಂಗಣದ ಸುತ್ತಮುತ್ತಲಿನವರು ನೂರೇ ಮಂದಿ ಇದ್ದರೆ ಅವರ ಅಭಿಪ್ರಾಯದ ಅಂಕಿ ಶೇ 10ರಷ್ಟು ತಪ್ಪಬಹುದು. ಹೊರೆ ಹೊರುವವರು ಅವರೇ ಆದ್ದರಿಂದ ಇದು ಸಣ್ಣ ಮಾತಲ್ಲ. 2017ರ ಅಕ್ಟೋಬರ್‌ನಲ್ಲಿ ಆಸ್ಟ್ರಿಯಾದ ಟಿರೋಲ್ ಪ್ರಾಂತ್ಯ 2026ರ ಚಳಿಗಾಲದ ಕೂಟವನ್ನು ಮತಕ್ಕೆ ಹಾಕಿತು. ಇಡೀ ಪ್ರಾಂತ್ಯದಲ್ಲಿ ಬೇಡ ಎಂದವರು ಶೇ 53. ಕೂಟದ ಕೇಂದ್ರವಾಗಬೇಕಿದ್ದ ಇನ್ಸ್‌ಬ್ರಕ್ ನಗರದಲ್ಲಿ ಶೇ 67. ‘ದೇಶದ ಶೇ ಇಷ್ಟು ಜನ ಬೆಂಬಲಿಸಿದ್ದಾರೆ’ ಎಂಬ ಅಂಕಿ ಆತಿಥೇಯ ನಗರದ ಬಗ್ಗೆ ಏನನ್ನೂ ಹೇಳುವುದಿಲ್ಲ.

ಇನ್ನೊಂದು ಕಣ್ಣಿಗೆ ಬೀಳದ ಕಾರಣ, ಯಾರು ಮತಗಟ್ಟೆಗೆ ಬರುತ್ತಾರೆ ಎಂಬುದು. ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ಸಾವಿರ ಜನರಲ್ಲಿ 550 ಮಂದಿ ಪರ, 300 ವಿರೋಧ, 150 ಮಂದಿ ಏನೂ ಹೇಳಲಾರರು. ಪರ ಇರುವವರಲ್ಲಿ ಗಟ್ಟಿ ಬೆಂಬಲಿಗರು 150, ‘ಆದರೆ ಆಗಲಿ’ ಎನ್ನುವವರು 400. ವಿರೋಧಿಗಳಲ್ಲಿ ಗಟ್ಟಿ 250, ಮೆತ್ತಗೆ 50. ಗಟ್ಟಿಯಾದವರಲ್ಲಿ ಶೇ 80, ಮೆತ್ತಗಿರುವವರಲ್ಲಿ ಶೇ 30, ಅನಿಶ್ಚಿತರಲ್ಲಿ ಶೇ 20 ಮಂದಿ ಮತ ಹಾಕಿದರು ಎನ್ನಿ. ಪರ ಬಿದ್ದ ಮತ 120 ಮತ್ತು 120 ಸೇರಿ 240. ವಿರುದ್ಧ 200 ಮತ್ತು 15 ಸೇರಿ 215. ಅನಿಶ್ಚಿತರ 30 ಮತವೂ ‘ಗೊತ್ತಿಲ್ಲದ್ದಕ್ಕೆ ಯಾಕೆ ಒಪ್ಪಲಿ’ ಎಂದು ವಿರುದ್ಧ ಹೋದರೆ 245. ಯಾರೂ ಮನಸ್ಸು ಬದಲಿಸದೆಯೇ ಶೇ 55ರ ಬೆಂಬಲ ಸೋತಿತು! ಒಟ್ಟು ಬೆಂಬಲಕ್ಕಿಂತ ‘ಗಟ್ಟಿಯಾಗಿ ಬೆಂಬಲಿಸುತ್ತೇನೆ’ ಎಂಬ ಸಾಲನ್ನು ಹುಡುಕಿ ಎನ್ನುವುದು ಇದಕ್ಕೇ.

ಕಡಿಮೆ ಬೆಂಬಲ ಇದ್ದ ಮಾತ್ರಕ್ಕೆ ಬಿಡ್ (ಆತಿಥ್ಯ ಕೋರಿ ನಗರ ಸಲ್ಲಿಸುವ ಪ್ರಸ್ತಾವ) ಮುಗಿಯಿತು ಎಂದೂ ಅಲ್ಲ. 2020ರ ಕೂಟಕ್ಕೆ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ (ಐಒಸಿ) 2012ರಲ್ಲಿ ತಾನೇ ಮಾಡಿಸಿದ ಸಮೀಕ್ಷೆಯಲ್ಲಿ ಟೋಕಿಯೊ ಬೆಂಬಲ ಶೇ 47 ಮಾತ್ರ. ಮ್ಯಾಡ್ರಿಡ್ ಶೇ 78, ಇಸ್ತಾಂಬುಲ್ ಶೇ 73. ಆದರೆ ಟೋಕಿಯೊದಲ್ಲಿ ವಿರೋಧಿಗಳು ಶೇ 23ರಷ್ಟೇ, ಉಳಿದ ಶೇ 30 ಮಂದಿ ಯಾವ ಕಡೆಯೂ ಇರಲಿಲ್ಲ. ಮರುವರ್ಷದ ಸಮೀಕ್ಷೆಯಲ್ಲಿ ಬೆಂಬಲ ಶೇ 70ಕ್ಕೆ ಏರಿತು, ಕೂಟವೂ ಟೋಕಿಯೊಗೇ ಸಿಕ್ಕಿತು. ಯಾವ ಕಡೆಯೂ ಇಲ್ಲದವರನ್ನು ಒಲಿಸಿಕೊಳ್ಳಬಹುದು. ಗಟ್ಟಿ ವಿರೋಧಿಗಳ ಮನಸ್ಸು ತಿರುಗಿಸುವುದು ಕಷ್ಟ.

ಇಳಿಕೆ ಎಷ್ಟು ಬೇಗ ಆಗಬಹುದು ಎಂಬುದಕ್ಕೆ ಬಾಸ್ಟನ್ ಸಾಕ್ಷಿ. 2024ರ ಬಿಡ್‌ಗೆ ಅಮೆರಿಕದ ನಗರವಾಗಿ ಆಯ್ಕೆಯಾದ 2015ರ ಜನವರಿಯಲ್ಲಿ ಬೆಂಬಲ ಶೇ 51, ಫೆಬ್ರುವರಿಯಲ್ಲಿ 44, ಮಾರ್ಚ್‌ನಲ್ಲಿ 36. ಆ ಚಳಿಗಾಲದ ಹಿಮಪಾತಕ್ಕೆ ನಗರದ ರೈಲು ಸೇವೆಯೇ ಕುಸಿದಿತ್ತು. ದಿನನಿತ್ಯದ ರೈಲು ಓಡದ ಊರಿನಲ್ಲಿ ಒಲಿಂಪಿಕ್ಸ್ ಮಾತು ಯಾರಿಗೂ ರುಚಿಸಲಿಲ್ಲ. ಜುಲೈ 27ರಂದು, ಹೆಚ್ಚುವರಿ ವೆಚ್ಚದ ಹೊಣೆ ಹೊರುವ ಖಾತರಿ ಪತ್ರಕ್ಕೆ ಸದ್ಯ ಸಹಿ ಹಾಕಲಾರೆ ಎಂದು ಮೇಯರ್ ಹೇಳಿದರು. ಅಂದೇ ಬಿಡ್ ಮುಗಿಯಿತು.

ಆ ಖಾತರಿ ಪತ್ರವೇ ಇಡೀ ವಿಷಯದ ಗಂಟು. ಸಾಮಾನ್ಯವಾಗಿ ಕೂಟದ ಲೆಕ್ಕ ಎರಡು ಪುಸ್ತಕಗಳಲ್ಲಿ ಇರುತ್ತದೆ. ಒಂದು ಕೂಟ ನಡೆಸುವ ಖರ್ಚು. ಅದು ಪ್ರಸಾರ ಹಕ್ಕು, ಪ್ರಾಯೋಜಕರು, ಟಿಕೆಟ್‌ಗಳಿಂದ ಬರುವ ಹಣದಲ್ಲೇ ಬಹುಮಟ್ಟಿಗೆ ತುಂಬುತ್ತದೆ. ಇನ್ನೊಂದು ಕಟ್ಟುವ ಖರ್ಚು: ಕ್ರೀಡಾಂಗಣ, ಕ್ರೀಡಾಪಟುಗಳು ತಂಗುವ ಕ್ರೀಡಾಗ್ರಾಮ, ರಸ್ತೆ, ಮೆಟ್ರೊ. ಇದು ಹೆಚ್ಚಾಗಿ ಸರ್ಕಾರದ ತಲೆಗೆ. ‘ಕೂಟದಲ್ಲಿ ನಷ್ಟವಿಲ್ಲ’ ಎಂಬ ಪ್ರಚಾರ ಮೊದಲ ಪುಸ್ತಕವನ್ನು ಮಾತ್ರ ತೋರಿಸುತ್ತದೆ. 2012ರ ಕೂಟಕ್ಕೆ ಲಂಡನ್ 2005ರಲ್ಲಿ ಮುಂದಿಟ್ಟ ಅಂದಾಜು ಸುಮಾರು 240 ಕೋಟಿ ಪೌಂಡ್. 2007ರ ಮಾರ್ಚ್‌ನಲ್ಲಿ ಅದು 932.5 ಕೋಟಿ ಆಯಿತು. ಮೊದಲ ಅಂದಾಜಿನಲ್ಲಿ ತೆರಿಗೆ, ಭದ್ರತೆಯ ಪೂರ್ಣ ವೆಚ್ಚ, ಸಾಕಷ್ಟು ಮೀಸಲು ನಿಧಿ ಇರಲಿಲ್ಲ. ಹೊಸ ಲೆಕ್ಕದಲ್ಲಿ ಮೀಸಲೇ 270 ಕೋಟಿ. ಮುಂದೆ ಖರ್ಚು ಈ ಮಿತಿಯೊಳಗೇ ನಿಂತಿತು, ಆದರೆ ನಗರ ಒಪ್ಪಿದ್ದು ಮೊದಲ ಅಂಕಿಯನ್ನು ನೋಡಿ.

ಜನ ಒಪ್ಪಿದ ಕಡೆಗಳಲ್ಲಿ ಏನಿತ್ತು? ಲಾಸ್ ಏಂಜಲೀಸ್ ಮತದಾರರು 1978ರಲ್ಲಿ, ಮರಳಿ ಬರುವ ಭರವಸೆಯಿಲ್ಲದೆ ನಗರದ ಹಣವನ್ನು ಒಲಿಂಪಿಕ್ಸ್‌ಗೆ ಹಾಕಬಾರದೆಂದು ನಗರದ ಸನ್ನದಿಗೇ, ಅಂದರೆ ಅದರ ಮೂಲ ಆಡಳಿತ ನಿಯಮಾವಳಿಗೇ, ತಿದ್ದುಪಡಿ ಮಾಡಿದರು. ಆ ಕಟ್ಟುಪಾಡಿನಲ್ಲೇ ನಡೆದ 1984ರ ಕೂಟ 23 ಕೋಟಿ ಡಾಲರ್‌ಗೂ ಹೆಚ್ಚು ಉಳಿಸಿತು. ಮ್ಯೂನಿಕ್ 2013ರಲ್ಲಿ ಚಳಿಗಾಲದ ಕೂಟವನ್ನು ತಿರಸ್ಕರಿಸಿತ್ತು. ಅದೇ ನಗರ 2025ರ ಅಕ್ಟೋಬರ್ 26ರಂದು ಬೇಸಿಗೆ ಕೂಟದ ಬಿಡ್‌ಗೆ ಶೇ 66.4 ಮತ ಕೊಟ್ಟಿತು. 1972ರ ಕೂಟಕ್ಕೆ ಕಟ್ಟಿದ ಕ್ರೀಡಾಂಗಣಗಳನ್ನು ಮತ್ತೆ ಬಳಸುವ ಯೋಜನೆ ಅದು. ಮತ ಹಾಕಿದವರು ಶೇ 42, ಮ್ಯೂನಿಕ್‌ನಲ್ಲಿ ಇಂಥ ಮತಕ್ಕೆ ಇದು ದೊಡ್ಡ ಸಂಖ್ಯೆ.

ಸಮಯವೂ ಸೇರಿಕೊಳ್ಳುತ್ತದೆ. ಕ್ಯಾಲ್ಗರಿಯಲ್ಲಿ ಕೇಂದ್ರ ಮತ್ತು ಪ್ರಾಂತ್ಯ ಸರ್ಕಾರಗಳ ಹಣ ಹಂಚಿಕೆ ಹೊರಬಂದದ್ದು ಮತದಾನಕ್ಕೆ ಎರಡು ವಾರ ಇರುವಾಗ. ಶೇ 56.4 ಮಂದಿ ಬೇಡ ಎಂದರು. ಹಣದ ಒಪ್ಪಂದ ಮತದಾನಕ್ಕೆ ಕೆಲವು ತಿಂಗಳು ಮೊದಲೇ ಸಿದ್ಧವಾಗಿ, ಸ್ವತಂತ್ರ ಲೆಕ್ಕಪರಿಶೋಧಕರ ಕೈಯಿಂದ ಹಾದುಬರದಿದ್ದರೆ ಪ್ರಚಾರಕ್ಕೆ ಸುರಿದ ಹಣ ವ್ಯರ್ಥ.

ನಿಮ್ಮ ಕೈಗೆ ಬಿಡ್ ದಾಖಲೆ ಬಂದರೆ ಮುನ್ನುಡಿ, ಚಿತ್ರಗಳನ್ನು ದಾಟಿ ನೇರವಾಗಿ ಹಣಕಾಸಿನ ಅಧ್ಯಾಯಕ್ಕೆ ಹೋಗಿ. ಅಂಕಿಗಳು ಇಂದಿನ ಬೆಲೆಯಲ್ಲಿವೆಯೇ ಅಥವಾ ಕೂಟ ನಡೆಯುವ ವರ್ಷದ ಬೆಲೆಯಲ್ಲಿವೆಯೇ ನೋಡಿ. ಭದ್ರತೆಗೆ ಪ್ರತ್ಯೇಕ ಸಾಲು ಇದೆಯೇ, ಮೀಸಲು ನಿಧಿ ಶೇಕಡಾ ಎಷ್ಟು, ಕ್ರೀಡಾಗ್ರಾಮದ ಮನೆಗಳು ಮಾರಾಟವಾಗದಿದ್ದರೆ ಯಾರ ನಷ್ಟ, ಪ್ರತಿ ಹೊಸ ಕ್ರೀಡಾಂಗಣವನ್ನು ಕೂಟದ ಮರುವರ್ಷ ಯಾರು ನಡೆಸುತ್ತಾರೆ ಎಂಬುದನ್ನು ಗುರುತು ಹಾಕಿಕೊಳ್ಳಿ. ಕೊನೆಗೆ ಖಾತರಿ ಪತ್ರದ ಅಡಿಯಲ್ಲಿ ಯಾರ ಸಹಿ ಇದೆ, ಯಾರದು ಇನ್ನೂ ಖಾಲಿ ಇದೆ ನೋಡಿ.