ಆಪರೇಷನ್ ಥಿಯೇಟರ್ ಬಾಗಿಲು ಸುಮ್ನೆ ತೆರೆಯಬಾರದು, ಯಾಕೆ?

1960ರ ದಶಕದ ಆರಂಭ. ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯಲ್ಲಿ ಜಾನ್ ಚಾರ್ನ್ಲಿ ಎಂಬ ಮೂಳೆ ಡಾಕ್ಟರು ಸವೆದ ಸೊಂಟದ ಕೀಲು ತೆಗೆದು ಕೃತಕ ಕೀಲು ಕೂರಿಸುತ್ತಿದ್ದರು. ಆದರೆ ನೂರರಲ್ಲಿ ಸುಮಾರು 7 ಜನರಿಗೆ ಸೋಂಕಾಗುತ್ತಿತ್ತು. ಕೃತಕ ಕೀಲಿನ ಸುತ್ತ ಕೀವು ಕಟ್ಟಿದರೆ ಮಾತ್ರೆಗೆ ಬಗ್ಗುವುದು ಕಷ್ಟ. ಎಷ್ಟೋ ಸಲ ಹಾಕಿದ ಕೀಲನ್ನೇ ತೆಗೆಯಬೇಕಾಗುತ್ತದೆ.

ಕತ್ತರಿ, ಚಿಮಟ ಎಲ್ಲ ಸ್ಟೆರಿಲೈಸ್ ಆಗಿರುತ್ತಿದ್ದವು. ಹಾಗಾದರೆ ರೋಗಾಣು ಬಂದದ್ದೆಲ್ಲಿಂದ? ಚಾರ್ನ್ಲಿಗೆ ಗಾಳಿಯ ಮೇಲೆ ಅನುಮಾನ ಬಂತು. ನಮ್ಮ ಚರ್ಮ ಸದಾ ಉದುರುತ್ತಲೇ ಇರುತ್ತದೆ. ಕಣ್ಣಿಗೆ ಕಾಣದ ಆ ಹೊಟ್ಟಿನ ಮೇಲೆ ಬ್ಯಾಕ್ಟೀರಿಯಾಗಳೂ ಇರುತ್ತವೆ. ಅದು ಗಾಳಿಯಲ್ಲಿ ತೇಲುತ್ತಾ ತೆರೆದ ಗಾಯದೊಳಗೆ ಇಳಿಯುತ್ತದೆ. ಅಂದರೆ ಆಪರೇಷನ್ ಥಿಯೇಟರ್‌ನಲ್ಲಿ (ಓಟಿ) ರೋಗಾಣುಗಳ ದೊಡ್ಡ ಮೂಲ ಅಲ್ಲಿ ನಿಂತ ಡಾಕ್ಟರು, ನರ್ಸುಗಳೇ!

ಚಾರ್ನ್ಲಿ ಓಟಿಯೊಳಗೇ ಇನ್ನೊಂದು ಪುಟ್ಟ ಕೋಣೆ ಕಟ್ಟಿಸಿದರು. ಅದಕ್ಕೆ ಸೋಸಿದ ಗಾಳಿ ಮೇಲಿನಿಂದ ಕೆಳಕ್ಕೆ ಬರುತ್ತಿತ್ತು. ರೋಗಿಯ ತಲೆ ಮತ್ತು ಅರಿವಳಿಕೆ ಡಾಕ್ಟರು ಕೋಣೆಯ ಹೊರಗೆ, ಆಪರೇಷನ್ ಮಾಡುವವರು ಮಾತ್ರ ಒಳಗೆ. ಅವರ ಉಸಿರನ್ನೂ ಕೊಳವೆಯಲ್ಲಿ ಹೊರಗೆಳೆಯುವ ಉಡುಪು ಬಂತು. 1970ರ ಹೊತ್ತಿಗೆ ಸೋಂಕು ನೂರಕ್ಕೆ ಒಂದಕ್ಕಿಂತ ಕೆಳಗಿಳಿಯಿತು.

ಇದು ಗಾಳಿಯಿಂದಲೇ ಆದದ್ದಾ? ಅಷ್ಟರಲ್ಲಿ ಬೇರೆ ಬದಲಾವಣೆಗಳೂ ಆಗಿದ್ದವಲ್ಲ! ಹಾಗಾಗಿ ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ 19 ಆಸ್ಪತ್ರೆಗಳಲ್ಲಿ 8,000ಕ್ಕೂ ಹೆಚ್ಚು ಸೊಂಟ, ಮಂಡಿ ಆಪರೇಷನ್‌ಗಳನ್ನು ಹೋಲಿಸಿ ನೋಡಿತು. 1982ರಲ್ಲಿ ಬಂದ ಫಲಿತಾಂಶದಲ್ಲಿ ಮಾಮೂಲಿ ಓಟಿಯಲ್ಲಿ ಆಳದ ಸೋಂಕು ಶೇ 1.5, ಶುದ್ಧ ಗಾಳಿಯ ಓಟಿಯಲ್ಲಿ ಶೇ 0.6. ಆಂಟಿಬಯಾಟಿಕ್ ಪಡೆದ ರೋಗಿಗಳಲ್ಲೂ ಸೋಂಕು ಕಡಿಮೆಯಿತ್ತು.

ಮುಂದೆ ಆಂಟಿಬಯಾಟಿಕ್ ಕೊಡುವುದು ರೂಢಿಯಾಯಿತು. ಆಮೇಲಿನ ಅಧ್ಯಯನಗಳಲ್ಲಿ ಈ ದುಬಾರಿ ಗಾಳಿ ವ್ಯವಸ್ಥೆಯ ಲಾಭ ಅಷ್ಟಾಗಿ ಕಾಣಲಿಲ್ಲ. ಕೀಲು ಜೋಡಣೆಗೆ ಇದು ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಸಲಹೆ ಕೊಟ್ಟಿತು. ನನಗನಿಸುವುದು, ಯಂತ್ರ ಕೂರಿಸಿದ ಮಾತ್ರಕ್ಕೆ ಗಾಳಿ ನಾವು ಹೇಳಿದಂತೆ ಕೇಳುವುದಿಲ್ಲ. ಮೇಲಿಂದ ಇಳಿಯುವ ಗಾಳಿಗೆ ದೊಡ್ಡ ದೀಪ ಅಡ್ಡ ಬರುತ್ತದೆ. ದೀಪದ ಕೆಳಗೆ ಸುಳಿ ಏಳುತ್ತದೆ. ಗಾಯದ ಮೇಲೆ ಬಗ್ಗಿದ ತಲೆಯೂ ಅಡ್ಡವೇ. ಎಲ್‌ಇಡಿ ದೀಪಗಳು ತೆಳ್ಳಗಿದ್ದು, ಹೆಚ್ಚು ಬಿಸಿಯಾಗದಿರುವುದು ಇಲ್ಲಿ ಅನುಕೂಲ.

ಇನ್ನು ಬಾಗಿಲು. ಓಟಿಯೊಳಗಿನ ಗಾಳಿಯ ಒತ್ತಡವನ್ನು ಹೊರಗಿಗಿಂತ ತುಸು ಜಾಸ್ತಿ ಇಟ್ಟಿರುತ್ತಾರೆ. ಹೊರಗಿನ ಗಾಳಿ ಒಳಗೆ ನುಗ್ಗದಿರಲಿ ಎಂದು. ಬಾಗಿಲು ತೆರೆದರೆ ಆ ಒತ್ತಡ ಇಳಿಯುತ್ತದೆ. ಬಾಗಿಲು ತೆರೆಯುವುದು ಎಷ್ಟೋ ಸಲ ದಾರವೋ ಸ್ಕ್ರೂವೋ ಬೇಕೆಂದು, ಇಲ್ಲವೇ ಏನೋ ಕೇಳಬೇಕೆಂದು. ಬೇಕಾದ್ದನ್ನು ಒಳಗೇ ಬೀರುವಿನಲ್ಲಿಟ್ಟರೆ, ಒಂದು ಇಂಟರ್‌ಕಾಮ್ ಹಾಕಿದರೆ, ಬಾಗಿಲಿಗೆ ಗಾಜಿನ ಕಿಂಡಿ ಇಟ್ಟರೆ ಆ ಓಡಾಟ ತಪ್ಪುತ್ತದೆ. ಖರ್ಚೂ ಅಷ್ಟಿಲ್ಲ.

ನಮ್ಮ ದೇಶದಲ್ಲಿ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಎನ್‌ಎಬಿಎಚ್, ಓಟಿಗೆ ಸ್ಪ್ಲಿಟ್ ಎಸಿ ಬೇಡ ಅನ್ನುತ್ತದೆ. ಅದು ಒಳಗಿನ ಗಾಳಿಯನ್ನೇ ತಂಪು ಮಾಡಿ ಮತ್ತೆ ಒಳಗೇ ತಿರುಗಿಸುತ್ತದೆ, ಹೊಸ ಗಾಳಿ ತರುವುದಿಲ್ಲ. ಒಳಗಿನ ತೇವಕ್ಕೆ ರೋಗಾಣು ಬೆಳೆಯುವ ಜಾಗವೂ ಅದರಲ್ಲಿದೆ. ಹೊಸ ನರ್ಸಿಂಗ್ ಹೋಮ್ ಕಟ್ಟುವವರು ಹೊಳೆಯುವ ಟೈಲ್ಸ್ ಆರಿಸುವ ಮೊದಲೇ ಗಾಳಿಯ ದಾರಿ ಮತ್ತು ಬೀರುವಿನ ಜಾಗ ಗುರುತು ಹಾಕಿಕೊಳ್ಳಬೇಕು. ಗೋಡೆ ಎದ್ದ ಮೇಲೆ ಗಾಳಿ ಸಾಗುವ ಕೊಳವೆಗೆ, ಅಂದರೆ ಡಕ್ಟ್‌ಗೆ ಜಾಗ ಹುಡುಕುವುದು ಬಲು ಕಷ್ಟ.