ಆಟಗಾರ ಯಾರ ಸ್ವತ್ತು? ಈಸ್ಟ್‌ಹ್ಯಾಮ್‌ನಿಂದ ಇಸಾಕ್‌ವರೆಗೆ

ಪಿಎಸ್‌ಐ, ಎಫ್‌ಡಿಎ, ಕೆಎಎಸ್ ಎಂದು ಓದಲು ಧಾರವಾಡಕ್ಕೆ ಬಂದ ಹುಡುಗರ ಸಪ್ತಾಪುರದ ರೂಮುಗಳಲ್ಲಿ ಆಗಸ್ಟ್ ತಿಂಗಳು ಫುಟ್‌ಬಾಲ್ ಟ್ರಾನ್ಸ್‌ಫರ್‌ನ ಮಾತು ಜೋರಾಗಿರುತ್ತದೆ. ಹಗಲು ಪ್ರಚಲಿತ ವಿದ್ಯಮಾನದ ನೋಟ್ಸ್‌ನಲ್ಲಿ ಕತಾರ್, ಸೌದಿ, ಉಕ್ರೇನ್, ಬ್ರೆಕ್ಸಿಟ್. ರಾತ್ರಿ ಮೊಬೈಲಿನಲ್ಲಿ ಆರ್ಸೆನಲ್, ಲಿವರ್‌ಪೂಲ್, ಚೆಲ್ಸಿ. ಒಂದರ ಮಾತು ಇನ್ನೊಂದಕ್ಕೆ ಹೊರಳಿತೋ, ಯಾರಾದರೊಬ್ಬರು ತಡೆಯುತ್ತಾರೆ: "ರಾಜಕೀಯ ಬ್ಯಾಡಲೇ ದೋಸ್ತ, ಆಟದ್ದಷ್ಟ ಮಾತಾಡು." ಹುಬ್ಬಳ್ಳಿಯ ಚಹಾದಂಗಡಿಗಳಲ್ಲೂ ಇದೇ ಮಾತು ಕೇಳಿದ್ದೇನೆ. ನಾನದನ್ನು ಒಪ್ಪುವುದಿಲ್ಲ. ಆಟಗಾರನೊಬ್ಬ ಒಂದು ಕ್ಲಬ್ ಬಿಟ್ಟು ಇನ್ನೊಂದಕ್ಕೆ ಹೋಗುವ ಪದ್ಧತಿಯನ್ನು ಕಟ್ಟಿದ್ದು, ಒಡೆದದ್ದು, ಮತ್ತೆ ಬೇರೆ ರೀತಿ ಕಟ್ಟಿದ್ದು ಕೋರ್ಟು, ಕಾರ್ಮಿಕ ಸಂಘ, ಯುದ್ಧ ಮತ್ತು ಎಣ್ಣೆಯ ರೊಕ್ಕ. ಅವನ್ನು ಬದಿಗಿಟ್ಟರೆ ಯಾರು ಎಷ್ಟಕ್ಕೆ ಹೋದರು ಎಂಬುದು ತಿಳಿದೀತು, ಏಕೆ ಹೋದರು ಎಂಬುದು ತಿಳಿಯುವುದಿಲ್ಲ.

2021ರಲ್ಲಿ ಸೌದಿಯ ಸರ್ಕಾರಿ ನಿಧಿಯ ಕೈ ಸೇರಿದ, ಇಂಗ್ಲೆಂಡಿನ ನ್ಯೂಕ್ಯಾಸಲ್ ಯುನೈಟೆಡ್ ಎಂಬ ಒಂದೇ ಕ್ಲಬ್ ಹಿಡಿದು ಹೋದರೂ ಈ ಚರಿತ್ರೆಯ ಬಹುಭಾಗ ಸಿಗುತ್ತದೆ. 2025ರ ಮಾರ್ಚ್‌ನಲ್ಲಿ ಈ ಕ್ಲಬ್ ಲೀಗ್ ಕಪ್ ಫೈನಲ್‌ನಲ್ಲಿ ಲಿವರ್‌ಪೂಲನ್ನು 2-1ರಿಂದ ಸೋಲಿಸಿತು. 1955ರ ನಂತರ ಅದು ಗೆದ್ದ ಮೊದಲ ದೇಶೀಯ ದೊಡ್ಡ ಕಪ್ ಅದು. ಎರಡನೆಯ ಗೋಲು ಹೊಡೆದವನು ಸ್ವೀಡನ್ನಿನ ಅಲೆಕ್ಸಾಂಡರ್ ಇಸಾಕ್. ಐದೂವರೆ ತಿಂಗಳಲ್ಲಿ, ಸೆಪ್ಟೆಂಬರ್ 1ರಂದು, ಅದೇ ಇಸಾಕ್ 12.5 ಕೋಟಿ ಪೌಂಡ್‌ಗೆ ಅದೇ ಲಿವರ್‌ಪೂಲ್ ಸೇರಿದ. ಬ್ರಿಟನ್ನಿನಲ್ಲಿ ಅಲ್ಲಿಯವರೆಗೆ ಯಾವ ಕ್ಲಬ್ಬೂ ಒಬ್ಬ ಆಟಗಾರನಿಗೆ ಅಷ್ಟು ಕೊಟ್ಟಿರಲಿಲ್ಲ. ನ್ಯೂಕ್ಯಾಸಲ್ ಜೊತೆ ಅವನ ಒಪ್ಪಂದ 2028ರವರೆಗೆ ಇತ್ತು. ಆದರೂ ಹೋಗಲೇಬೇಕೆಂದು ಆತ ತಂಡದ ಜೊತೆ ಆಡಲಿಲ್ಲ. ಕ್ಲಬ್ ಕೊಟ್ಟ ಮಾತು ತಪ್ಪಿದೆ ಎಂದು ಬಹಿರಂಗವಾಗಿ ಬರೆದ. "ಸೌದಿ ರೊಕ್ಕ ಇದ್ದೂ ಒಬ್ಬ ಹುಡುಗನ್ನ ಹಿಡದಿಟ್ಕೊಳ್ಳಾಕ ಆಗಲಿಲ್ಲಲ್ಲ" ಎಂಬ ಮಾತು ಆ ವಾರ ನಮ್ಮಲ್ಲೂ ಓಡಾಡಿತು. ಪ್ರಶ್ನೆ ಸರಿಯಾಗಿಯೇ ಇದೆ. ಉತ್ತರಕ್ಕೆ ಮಾತ್ರ ನೂರಮೂವತ್ತು ವರ್ಷ ಹಿಂದೆ ಹೋಗಬೇಕು.

1885ರಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆಯು ಸಂಬಳ ಪಡೆದು ಆಡುವುದಕ್ಕೆ ಒಪ್ಪಿಗೆ ಕೊಟ್ಟಿತು. ಆಟಗಾರರು ಹೆಚ್ಚು ಕೂಲಿ ಸಿಕ್ಕಲ್ಲಿಗೆ ಹೋಗತೊಡಗಿದರು. ಇದನ್ನು ತಡೆಯಲು 1893ರ ಹೊತ್ತಿಗೆ ಫುಟ್‌ಬಾಲ್ ಲೀಗ್ ಒಂದು ನಿಯಮ ತಂದಿತು: ಒಪ್ಪಂದ ಮುಗಿದ ಮೇಲೂ ಆಟಗಾರನ ನೋಂದಣಿ ಹಳೆಯ ಕ್ಲಬ್ಬಿನ ಕೈಯಲ್ಲೇ ಇರುತ್ತದೆ; ಅದು ಬಿಡುವವರೆಗೆ ಲೀಗಿನ ಇನ್ನೊಂದು ಕ್ಲಬ್ಬಿಗೆ ಆತ ಆಡುವಂತಿಲ್ಲ. ಇದೇ ದಶಕಗಳಲ್ಲಿ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪು ಬೆಳೆಯುತ್ತಿತ್ತು. ಅಲ್ಲಿಯ ಫಿಟ್ಟರ್ ಒಬ್ಬ ಕೆಲಸ ಬಿಟ್ಟು ಮುಂಬೈಯ ಗಿರಣಿಗೆ ಹೊರಟರೆ, ರೈಲ್ವೆಗೆ ಇಷ್ಟು ಕೊಡಿ ಎಂದು ಗಿರಣಿ ಮಾಲೀಕನನ್ನು ಯಾರೂ ಕೇಳುತ್ತಿರಲಿಲ್ಲ. ಇಂಗ್ಲೆಂಡಿನ ಫುಟ್‌ಬಾಲ್ ಆಟಗಾರನಿಗೆ ಆ ಫಿಟ್ಟರ್‌ಗಿದ್ದಷ್ಟು ಸ್ವಾತಂತ್ರ್ಯವೂ ಇರಲಿಲ್ಲ. ಮೇಲಾಗಿ 1901ರಿಂದ ಸಂಬಳಕ್ಕೂ ಮಿತಿ: ವಾರಕ್ಕೆ 4 ಪೌಂಡ್. 1905ರಲ್ಲಿ ಆಲ್ಫ್ ಕಾಮನ್ ಸಂಡರ್‌ಲ್ಯಾಂಡ್‌ನಿಂದ ಮಿಡಲ್ಸ್‌ಬ್ರೋಗೆ ಹೋದಾಗ ಮೊದಲ ಬಾರಿ ಕ್ಲಬ್ಬುಗಳ ನಡುವೆ 1,000 ಪೌಂಡ್ ಕೈ ಬದಲಾಯಿತು. ಆಡಿದವನ ವಾರದ ಕೂಲಿ ಮಾತ್ರ ಆ ಮಿತಿಯೊಳಗೇ ಉಳಿಯಿತು.

ಇದಕ್ಕೆ ಎದುರು ನಿಂತವನು ನ್ಯೂಕ್ಯಾಸಲ್‌ನ ಜಾರ್ಜ್ ಈಸ್ಟ್‌ಹ್ಯಾಮ್. ಕ್ಲಬ್ ಕೊಟ್ಟ ಮನೆ ಸರಿಯಿಲ್ಲ, ಹೇಳಿದ ಪೂರಕ ಕೆಲಸ ಸಿಗಲಿಲ್ಲ ಎಂಬ ತಕರಾರುಗಳಿಂದ ಶುರುವಾದ ಜಗಳ ಅದು. 1960ರಲ್ಲಿ ಆತ ಬೇರೆಡೆ ಹೋಗಲು ಬಿಡಿ ಎಂದು ಕೇಳಿದ. ಕ್ಲಬ್ ಬಿಡಲಿಲ್ಲ. ಒಪ್ಪಂದ ಮುಗಿದಿದ್ದರೂ ನೋಂದಣಿ ಅವರ ಬಳಿ. ಆಡದಿದ್ದರೆ ಸಂಬಳವಿಲ್ಲ, ಬೇರೆ ಕಡೆ ಆಡುವಂತಿಲ್ಲ. ಈಸ್ಟ್‌ಹ್ಯಾಮ್ ದಕ್ಷಿಣಕ್ಕೆ ಹೋಗಿ ಗೆಳೆಯನ ಕಂಪನಿಯಲ್ಲಿ ಬಿರಡೆ ಮಾರುವ ಕೆಲಸಕ್ಕೆ ಸೇರಿದ. ತಿಂಗಳುಗಟ್ಟಲೆ ಚೆಂಡು ಮುಟ್ಟಲಿಲ್ಲ. ಕೊನೆಗೆ ಕ್ಲಬ್ ಸೋತು ಅವನನ್ನು 47,500 ಪೌಂಡ್‌ಗೆ ಆರ್ಸೆನಲ್‌ಗೆ ಕೊಟ್ಟಿತು. ಬೇಕಾದದ್ದು ಸಿಕ್ಕಮೇಲೆ ಸುಮ್ಮನಾಗಬಹುದಿತ್ತು, ಆತ ಸುಮ್ಮನಾಗಲಿಲ್ಲ. ನನಗೆ ಈ ಮನುಷ್ಯ ದೊಡ್ಡವನಾಗಿ ಕಾಣುವುದು ಇದಕ್ಕೇ. ಆಟಗಾರರ ಸಂಘದ ಬೆಂಬಲದಿಂದ ಮೊಕದ್ದಮೆ ಮುಂದುವರಿಯಿತು. 1963ರಲ್ಲಿ ನ್ಯಾಯಮೂರ್ತಿ ವಿಲ್ಬರ್‌ಫೋರ್ಸ್, ಒಪ್ಪಂದ ಮುಗಿದವನನ್ನು ಹೀಗೆ ಹಿಡಿದಿಡುವುದು ದುಡಿಯುವ ಹಕ್ಕಿಗೆ ಅನ್ಯಾಯದ ತಡೆ ಎಂದು ತೀರ್ಪಿತ್ತರು. ಅದಕ್ಕೂ ಮೊದಲು, 1961ರ ಜನವರಿಯಲ್ಲಿ, ಜಿಮ್ಮಿ ಹಿಲ್ ಮುಂದಾಳತ್ವದಲ್ಲಿ ಸಂಘ ಮುಷ್ಕರದ ಎಚ್ಚರಿಕೆ ಕೊಟ್ಟು, ಆಗ 20 ಪೌಂಡ್‌ಗೆ ಬಂದು ನಿಂತಿದ್ದ ಸಂಬಳದ ಮಿತಿಯನ್ನೂ ತೆಗೆಸಿತ್ತು. ಇವು ಪತ್ರಿಕೆಯ ಕ್ರೀಡಾಪುಟದ ಸುದ್ದಿ ಎನ್ನುವುದಕ್ಕಿಂತ ಕಾರ್ಮಿಕ ಹೋರಾಟದ ಸುದ್ದಿ ಎನ್ನುವುದೇ ಸರಿ.

ಎರಡನೆಯ ಹೊಡೆತ ಬೆಲ್ಜಿಯಂನಿಂದ ಬಂತು. 1990ರಲ್ಲಿ ಆರ್‌ಎಫ್‌ಸಿ ಲೀಜ್ ಕ್ಲಬ್ಬಿನ ಜಾನ್-ಮಾರ್ಕ್ ಬೋಸ್ಮನ್‌ನ ಒಪ್ಪಂದ ಮುಗಿಯಿತು. ಹಳೆಯ ಸಂಬಳದ ಕಾಲುಭಾಗಕ್ಕೆ ಆಡು ಎಂದಿತು ಕ್ಲಬ್. ಫ್ರಾನ್ಸಿನ ಡಂಕರ್ಕ್‌ಗೆ ಹೋಗುತ್ತೇನೆಂದರೆ ಅದಕ್ಕೂ ದಾರಿ ಮುಚ್ಚಿತು. ಬೋಸ್ಮನ್ ಐದು ವರ್ಷ ಕೋರ್ಟು ಅಲೆದ. ಯುರೋಪಿನ ದೇಶಗಳು 1957ರ ರೋಮ್ ಒಪ್ಪಂದದಲ್ಲಿ ಕಾರ್ಮಿಕರಿಗೆ ಗಡಿ ದಾಟಿ ದುಡಿಯುವ ಹಕ್ಕು ಕೊಟ್ಟಿದ್ದವು. ಫುಟ್‌ಬಾಲ್ ಆಟಗಾರನೂ ಕಾರ್ಮಿಕನೇ ಎಂದು ಯುರೋಪಿಯನ್ ನ್ಯಾಯಾಲಯ 1995ರ ಡಿಸೆಂಬರ್ 15ರಂದು ಹೇಳಿತು. ಒಪ್ಪಂದ ಮುಗಿದರೆ, ಹಳೆಯ ಕ್ಲಬ್ಬಿಗೆ ಯಾರೂ ಹಣ ಕೊಡದೆಯೇ, ಆಟಗಾರ ಯುರೋಪಿಯನ್ ಒಕ್ಕೂಟದೊಳಗೆ ಬೇರೆಡೆ ಹೋಗಬಹುದು. ಒಕ್ಕೂಟದ ಪ್ರಜೆಗಳನ್ನು 'ವಿದೇಶಿ' ಎಂದು ಎಣಿಸಿ ಮಿತಿ ಹಾಕುವಂತಿಲ್ಲ. ಇಂದು 'ಫ್ರೀ ಟ್ರಾನ್ಸ್‌ಫರ್' ಎಂದು ನಾವು ಸಲೀಸಾಗಿ ಹೇಳುವುದು ಇದನ್ನೇ. ಬೋಸ್ಮನ್‌ನ ಸ್ವಂತ ಆಟದ ಬದುಕು ಆ ಐದು ವರ್ಷಗಳಲ್ಲಿ ಮುಗಿದುಹೋಗಿತ್ತು. 2001ರಲ್ಲಿ ಫಿಫಾ ಮತ್ತು ಯುರೋಪಿಯನ್ ಆಯೋಗ ಕೂತು ಮಾಡಿಕೊಂಡ ರಾಜಿಯಿಂದ, ಬೇಸಿಗೆಯಲ್ಲೊಮ್ಮೆ ಚಳಿಗಾಲದಲ್ಲೊಮ್ಮೆ ತೆರೆಯುವ ಈಗಿನ ಟ್ರಾನ್ಸ್‌ಫರ್ ವಿಂಡೋ ಜಗತ್ತಿನಾದ್ಯಂತ ಬಂತು.

ಕೋರ್ಟು ತೆರೆದ ಬಾಗಿಲನ್ನು ಜನ ಹಾಕಿದ ಮತ ಮುಚ್ಚಲೂಬಹುದು. 2003ರಲ್ಲಿ ಸೆಸ್ಕ್ ಫ್ಯಾಬ್ರೆಗಾಸ್ 16ರ ಹುಡುಗನಾಗಿ ಬಾರ್ಸಿಲೋನಾದಿಂದ ಆರ್ಸೆನಲ್‌ಗೆ ಬಂದ. ಬ್ರಿಟನ್ ಒಕ್ಕೂಟದಿಂದ ಹೊರಬಿದ್ದ ಮೇಲೆ, 2021ರ ಜನವರಿಯಿಂದ, ಅಂಥ ಹುಡುಗನನ್ನು ಇಂಗ್ಲಿಷ್ ಕ್ಲಬ್ 18 ತುಂಬುವವರೆಗೆ ವಿದೇಶದಿಂದ ಕರೆತರುವಂತಿಲ್ಲ. ಬ್ರೆಕ್ಸಿಟ್ ಎಂದರೇನು ಎಂದು ನೋಟ್ಸ್‌ನಲ್ಲಿ ಬರೆದುಕೊಳ್ಳುವವರು ಇದೊಂದು ಸಾಲನ್ನೂ ಸೇರಿಸಿಕೊಳ್ಳಬೇಕು.

ಇಲ್ಲಿಯವರೆಗೆ ಜಗಳ ಆಟಗಾರ ಮತ್ತು ಕ್ಲಬ್ಬಿನ ನಡುವೆ. ಮುಂದೆ ಕ್ಲಬ್ಬನ್ನೇ ಕೊಳ್ಳುವವರು ಬಂದರು. 2003ರಲ್ಲಿ ರಷ್ಯಾದ ರೋಮನ್ ಅಬ್ರಮೋವಿಚ್ ಚೆಲ್ಸಿಯನ್ನು ಕೊಂಡ. 2008ರ ಸೆಪ್ಟೆಂಬರ್ 1ರಂದು ಅಬುಧಾಬಿಯ ರಾಜಮನೆತನದ ಶೇಖ್ ಮನ್ಸೂರ್ ಅವರ ಕಂಪನಿ ಮ್ಯಾಂಚೆಸ್ಟರ್ ಸಿಟಿಯನ್ನು ಕೊಳ್ಳುವ ಸುದ್ದಿ ಹೊರಬಿತ್ತು. ಅದೇ ದಿನ ರಿಯಲ್ ಮ್ಯಾಡ್ರಿಡ್‌ನಿಂದ ರೊಬಿನ್ಯೊ ಬಂದ. 2011ರಲ್ಲಿ ಕತಾರ್‌ನ ಸರ್ಕಾರಿ ನಿಧಿಯ ರೊಕ್ಕ ಪ್ಯಾರಿಸ್‌ನ ಪಿಎಸ್‌ಜಿಗೆ ಬಂತು. 2017ರ ಜೂನ್‌ನಲ್ಲಿ ಸೌದಿ, ಯುಎಇ, ಬಹ್ರೇನ್, ಈಜಿಪ್ಟ್ ಸೇರಿ ಕತಾರ್‌ಗೆ ದಿಗ್ಬಂಧನ ಹಾಕಿದವು. ಎರಡೇ ತಿಂಗಳಿಗೆ ಪಿಎಸ್‌ಜಿ 22.2 ಕೋಟಿ ಯೂರೊ ಸುರಿದು ನೇಮಾರ್‌ನನ್ನು ಬಾರ್ಸಿಲೋನಾದಿಂದ ಎತ್ತಿತು. ಹಿಂದಿನ ದಾಖಲೆಯ ಎರಡು ಪಟ್ಟಿಗೂ ಹೆಚ್ಚು ಅದು. ನಾನು ಅದನ್ನು ಬರೀ ಒಬ್ಬ ಮುಂಚೂಣಿ ಆಟಗಾರನ ಬೆಲೆ ಎಂದು ಓದಲಾರೆ. ಉಸಿರುಗಟ್ಟಿಸಲು ನೋಡಿದವರಿಗೆ ಒಂದು ಪುಟ್ಟ ರಾಷ್ಟ್ರ ತನ್ನ ಶಕ್ತಿ ತೋರಿಸಿದ ಸಂದರ್ಭವೂ ಅದಾಗಿತ್ತು.

ಆ ದಿಗ್ಬಂಧನದ ಎಳೆ ನೇರವಾಗಿ ನ್ಯೂಕ್ಯಾಸಲ್‌ಗೆ ಬಂದು ಮುಟ್ಟುತ್ತದೆ. 2020ರಲ್ಲಿ ಸೌದಿಯ ಸಾರ್ವಜನಿಕ ಹೂಡಿಕೆ ನಿಧಿ, ಅಂದರೆ ಪಿಐಎಫ್, ಈ ಕ್ಲಬ್ ಕೊಳ್ಳಲು ಮುಂದಾಯಿತು. ಅಡ್ಡ ಬಂದದ್ದರಲ್ಲಿ ಮುಖ್ಯವಾದದ್ದು ಟಿವಿ. ಇಂಗ್ಲೆಂಡಿನ ಅಗ್ರ ಲೀಗಾದ ಪ್ರೀಮಿಯರ್ ಲೀಗಿನ ಪಂದ್ಯಗಳನ್ನು ಆ ಭಾಗದಲ್ಲಿ ತೋರಿಸುವ ಹಕ್ಕು ಕತಾರ್‌ನ ಬೀಇನ್ ಚಾನೆಲ್ಲಿನದು. ದಿಗ್ಬಂಧನದ ಕಾಲದಲ್ಲಿ ಸೌದಿ ಅದನ್ನು ನಿಷೇಧಿಸಿತ್ತು. ಅದರ ಸಿಗ್ನಲ್ ಕದ್ದು ತೋರಿಸುವ ಕಳ್ಳ ಚಾನೆಲ್ಲೊಂದು ಅಲ್ಲಿ ರಾಜಾರೋಷವಾಗಿ ನಡೆದಿತ್ತು. ವಿಶ್ವ ವ್ಯಾಪಾರ ಸಂಸ್ಥೆಯವರೆಗೂ ದೂರು ಹೋಯಿತು. ಸೌದಿ ಆಳ್ವಿಕೆಯನ್ನು ಟೀಕಿಸುತ್ತಿದ್ದ ಪತ್ರಕರ್ತ ಜಮಾಲ್ ಖಶೋಗಿ ಹತ್ಯೆಯನ್ನು ಎತ್ತಿ ಮಾನವ ಹಕ್ಕುಗಳ ಸಂಘಟನೆಗಳೂ ವಿರೋಧಿಸಿದವು. 2021ರ ಜನವರಿಯಲ್ಲಿ ಸೌದಿಯ ಅಲ್-ಉಲಾದಲ್ಲಿ ಕೊಲ್ಲಿ ರಾಷ್ಟ್ರಗಳು ರಾಜಿಯಾದವು. ಅಕ್ಟೋಬರ್‌ನಲ್ಲಿ ಬೀಇನ್ ಮೇಲಿನ ನಿಷೇಧ ತೆರವಾಗುತ್ತದೆಂಬ ಸುದ್ದಿ ಬಂದ ಮರುದಿನವೇ, 7ನೇ ತಾರೀಕು, ಮಾರಾಟಕ್ಕೆ ಪ್ರೀಮಿಯರ್ ಲೀಗ್ ಒಪ್ಪಿತು. 30.5 ಕೋಟಿ ಪೌಂಡ್, ಶೇಕಡ 80 ಪಾಲು ಪಿಐಎಫ್‌ಗೆ. ಕ್ಲಬ್ಬನ್ನು ಸೌದಿ ಸರ್ಕಾರ ನಿಯಂತ್ರಿಸುವುದಿಲ್ಲ ಎಂಬ ಭರವಸೆ ಸಿಕ್ಕಿದೆ ಎಂದಿತು ಲೀಗ್. ಆ ನಿಧಿಯ ಅಧ್ಯಕ್ಷರು ಸೌದಿಯ ಯುವರಾಜರೇ. ಟಿವಿ ಜಗಳ ತೀರಿದ್ದೇ ದಾರಿ ತೆರೆಯಿತು, ಖಶೋಗಿ ಪ್ರಶ್ನೆ ಹಾಗೆಯೇ ಉಳಿಯಿತು. ಆ ಕ್ಲಬ್ಬಿನ ಅಭಿಮಾನಿಗಳ ಸಂತೋಷ ನನಗೆ ಅರ್ಥವಾಗುತ್ತದೆ, ಈ ಕ್ರಮ ಮಾತ್ರ ಇವತ್ತಿಗೂ ನೋವು ಕೊಡುತ್ತದೆ.

ಅಷ್ಟು ರೊಕ್ಕವಿದ್ದೂ ಇಸಾಕ್ ಉಳಿಯಲಿಲ್ಲ ಏಕೆ? ಮೂರು ವರ್ಷಕ್ಕೆ 10.5 ಕೋಟಿ ಪೌಂಡ್‌ಗಿಂತ ಹೆಚ್ಚು ನಷ್ಟ ತೋರಿಸುವಂತಿಲ್ಲ ಎಂಬುದು ಆಗ ಪ್ರೀಮಿಯರ್ ಲೀಗಿನಲ್ಲಿದ್ದ ಲೆಕ್ಕದ ನಿಯಮ. ಮಾಲೀಕನ ತಿಜೋರಿ ಎಷ್ಟೇ ದೊಡ್ಡದಿರಲಿ, ಖರ್ಚು ಕ್ಲಬ್ಬಿನ ಗಳಿಕೆಗೆ ಹೊಂದಿಕೊಂಡಿರಬೇಕು. 2024ರ ಬೇಸಿಗೆಯಲ್ಲಿ ಈ ನಿಯಮಕ್ಕಾಗಿಯೇ ನ್ಯೂಕ್ಯಾಸಲ್ ಎಲಿಯಟ್ ಆ್ಯಂಡರ್ಸನ್, ಯಾಂಕುಬಾ ಮಿಂಟೆ ಎಂಬ ಇಬ್ಬರು ಎಳೆಯರನ್ನು ಮಾರಬೇಕಾಯಿತು. ಲಿವರ್‌ಪೂಲ್‌ನಂಥ ಕ್ಲಬ್ಬಿನ ಗಳಿಕೆ ಬಹಳ ಮೇಲಿದೆ. 1960ರಲ್ಲಿ ಈಸ್ಟ್‌ಹ್ಯಾಮ್ ಮುಷ್ಕರ ಹೂಡಿದ್ದು ಒಪ್ಪಂದ ಮುಗಿದ ಮೇಲೆ; ಇಸಾಕ್ ದೂರ ಕೂತದ್ದು ಒಪ್ಪಂದ ಇದ್ದಾಗಲೇ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿಟ್ಟು 'ದ್ರೋಹಿ' ಎನ್ನುವವರು ಈ ವ್ಯತ್ಯಾಸ ಮರೆಯುತ್ತಾರೆ. ಇಸಾಕ್ ಮಾಡಿದ್ದು ನನಗೆ ಹಿಡಿಸಲಿಲ್ಲ. ಆದರೂ ಹೋಗುತ್ತೇನೆ ಎನ್ನುವ ಶಕ್ತಿ ಆಟಗಾರನಿಗೆ ಇರುವುದೇ ಒಳ್ಳೆಯದು.

ಯುದ್ಧ ಬಂದಾಗಂತೂ ಆಟ ಮತ್ತು ರಾಜಕೀಯ ಬೇರೆ ಎಂಬ ಮಾತು ನಿಲ್ಲುವುದೇ ಇಲ್ಲ. 2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನ್ ಮೇಲೆ ದಾಳಿ ಮಾಡಿತು. ಮಾರ್ಚ್‌ನಲ್ಲಿ ಬ್ರಿಟನ್ ಸರ್ಕಾರ ಅಬ್ರಮೋವಿಚ್ ಆಸ್ತಿ ಸ್ತಂಭನಗೊಳಿಸಿತು. ಚೆಲ್ಸಿ ಆಟಗಾರರನ್ನು ಕೊಳ್ಳುವಂತಿಲ್ಲ, ಮಾರುವಂತಿಲ್ಲ, ಹೊಸ ಟಿಕೆಟ್ ಸಹ ಮಾರುವಂತಿಲ್ಲ. ಮೇ ತಿಂಗಳಲ್ಲಿ ಕ್ಲಬ್ಬೇ ಬೇರೆಯವರ ಕೈಗೆ ಹೋಯಿತು. ಇತ್ತ ಉಕ್ರೇನ್‌ನ ಕ್ಲಬ್ಬುಗಳಲ್ಲಿದ್ದ ವಿದೇಶಿಯರು ಒಪ್ಪಂದ ತಡೆಹಿಡಿದು ಬೇರೆಡೆ ಆಡಬಹುದು ಎಂದು ಫಿಫಾ ಅನುಮತಿ ಕೊಟ್ಟಿತು. ಆಟಗಾರರ ಪ್ರಾಣದ ದೃಷ್ಟಿಯಿಂದ ಅದು ಸರಿ. ಬ್ರೆಜಿಲ್‌ನ ಹುಡುಗರನ್ನು ತಂದು ಬೆಳೆಸಿ ಮಾರಿ ಬದುಕುತ್ತಿದ್ದ ಶಖ್ತಾರ್ ಡೊನೆಟ್ಸ್ಕ್‌ಗೆ ಮಾತ್ರ ದೊಡ್ಡ ನಷ್ಟ. 2014ರಿಂದಲೇ ಸ್ವಂತ ಊರಿನಲ್ಲಿ ಆಡಲಾಗದ ಕ್ಲಬ್ ಅದು. ಪರಿಹಾರ ಕೇಳಿ ಕ್ರೀಡಾ ನ್ಯಾಯಮಂಡಳಿಗೆ ಹೋಯಿತು, ಅಲ್ಲಿಯೂ ಸೋತಿತು.

ಇದೆಲ್ಲ ದೂರದ ಮಾತು ಎನ್ನುವವರಿಗೆ ಹತ್ತಿರದ್ದೂ ಇದೆ. 2022ರ ಕೊನೆಗೆ ಕ್ರಿಸ್ಟಿಯಾನೊ ರೊನಾಲ್ಡೊ ಸೌದಿಯ ಅಲ್-ನಸ್ರ್ ಸೇರಿದ. ಮುಂದಿನ ಮಾರ್ಚ್‌ನಲ್ಲಿ ನಮ್ಮ ರಾಜ್ಯ ತಂಡಗಳ ನಡುವಿನ ಸಂತೋಷ್ ಟ್ರೋಫಿಯ ಸೆಮಿಫೈನಲ್, ಫೈನಲ್‌ಗಳು ನಡೆದದ್ದು ರಿಯಾದ್‌ನಲ್ಲಿ. ಎರಡು ದೇಶಗಳ ಫುಟ್‌ಬಾಲ್ ಸಂಸ್ಥೆಗಳ ಒಡಂಬಡಿಕೆಯ ಫಲ ಅದು. ಅಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಗೆದ್ದವರು ನಮ್ಮ ಕರ್ನಾಟಕದವರು. ಮೈಸೂರು ಹೆಸರಿನಲ್ಲಿ 1968-69ರಲ್ಲಿ ಗೆದ್ದ ಮೇಲೆ 54 ವರ್ಷಕ್ಕೆ ಸಿಕ್ಕ ಗೆಲುವು. ಆ ಸಂತೋಷಕ್ಕೆ ಎಣೆಯಿಲ್ಲ. ಕ್ರೀಡಾಂಗಣದಲ್ಲಿ ಕೂತು ನೋಡುವ ಭಾಗ್ಯ ಮಾತ್ರ ನಮ್ಮವರಿಗೆ ಇರಲಿಲ್ಲ. 2023ರ ಜೂನ್‌ನಲ್ಲಿ ಅದೇ ಪಿಐಎಫ್ ಅಲ್-ನಸ್ರ್ ಸೇರಿ ನಾಲ್ಕು ಸೌದಿ ಕ್ಲಬ್ಬುಗಳ ಶೇಕಡ 75 ಪಾಲು ಪಡೆಯಿತು. 2025ರ ಅಕ್ಟೋಬರ್ 22ರಂದು ಅಲ್-ನಸ್ರ್ ತಂಡ ಎಫ್‌ಸಿ ಗೋವಾ ಎದುರು ಮಡಗಾಂವ್‌ನ ಫತೋರ್ಡಾದಲ್ಲಿ ಆಡಿತು. ಹುಬ್ಬಳ್ಳಿಯವರಿಗೆ ಬೆಂಗಳೂರಿಗಿಂತ ಫತೋರ್ಡಾವೇ ಹತ್ತಿರ. ಕ್ಯಾಸಲ್‌ರಾಕ್, ದೂಧಸಾಗರ ದಾಟಿದರೆ ಬಂತು. ರೊನಾಲ್ಡೊ ಬರಲಿಲ್ಲ. ಗೋವಾ 1-2ರಿಂದ ಸೋತರೂ ಬ್ರೈಸನ್ ಫರ್ನಾಂಡಿಸ್ ಹೊಡೆದ ಗೋಲು ನೋಡಿದವರು ಮರೆಯುವಂಥದ್ದಲ್ಲ.

ನಮ್ಮಲ್ಲಿ ಆಟಗಾರರ ವಲಸೆ ಹೊಸದೇನಲ್ಲ. ಬೆಂಗಳೂರಿನ ಅಹ್ಮದ್ ಖಾನ್ ಕೋಲ್ಕತ್ತಕ್ಕೆ ಹೋಗಿ ಈಸ್ಟ್ ಬೆಂಗಾಲ್‌ನ 'ಪಂಚಪಾಂಡವ'ರಲ್ಲಿ ಒಬ್ಬರಾದರು. ಇಂದಿನ ಚಿಂತೆ ಬೇರೆ. ಭಾರತದ ಫುಟ್‌ಬಾಲ್ ಫೆಡರೇಷನ್ ಮತ್ತು ಲೀಗ್ ನಡೆಸುತ್ತಿದ್ದ ಎಫ್‌ಎಸ್‌ಡಿಎಲ್ ಕಂಪನಿಯ ನಡುವಿನ, 2010ರಿಂದ ಜಾರಿಯಲ್ಲಿದ್ದ ಒಪ್ಪಂದ 2025ರ ಡಿಸೆಂಬರ್ 8ಕ್ಕೆ ಮುಗಿಯಲಿತ್ತು. ಮುಂದೇನೆಂದು ತೀರ್ಮಾನವಾಗದೆ ಜುಲೈನಲ್ಲೇ ದೇಶದ ಅಗ್ರ ಲೀಗಾದ ಇಂಡಿಯನ್ ಸೂಪರ್ ಲೀಗನ್ನು (ಐಎಸ್‌ಎಲ್) ತಡೆಹಿಡಿಯಲಾಯಿತು. ಫೆಡರೇಷನ್ನಿನ ಸಂವಿಧಾನದ ವ್ಯಾಜ್ಯ ಸುಪ್ರೀಂ ಕೋರ್ಟಿನಲ್ಲಿತ್ತು; ತೀರ್ಪು ಬಂದದ್ದು ಸೆಪ್ಟೆಂಬರ್‌ನಲ್ಲಿ. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ಆಟಗಾರರ ಸಂಬಳ ತಡೆಹಿಡಿಯಿತು. 2019ರಲ್ಲಿ ಮುಂಬೈ ಸಿಟಿಯಲ್ಲಿ ಪಾಲು ಕೊಂಡಿದ್ದ, ಅಬುಧಾಬಿ ರೊಕ್ಕದ ಸಿಟಿ ಫುಟ್‌ಬಾಲ್ ಗ್ರೂಪ್ ಡಿಸೆಂಬರ್‌ನಲ್ಲಿ ಹೊರನಡೆಯಿತು. 2026ರ ಜನವರಿಯಲ್ಲಿ ಬೆಂಗಳೂರು ಎಫ್‌ಸಿಯ ಸುನಿಲ್ ಛೆಟ್ರಿ, ಗುರ್‌ಪ್ರೀತ್ ಸಿಂಗ್ ಸಂಧು ಸೇರಿದಂತೆ ಆಟಗಾರರು ನಮ್ಮನ್ನು ಕಾಪಾಡಿ ಎಂದು ಫಿಫಾಕ್ಕೆ ಮೊರೆಯಿಟ್ಟರು. ಕೇಂದ್ರ ಕ್ರೀಡಾ ಸಚಿವರು ನಡುವೆ ಬಂದ ಮೇಲೆ ಫೆಬ್ರವರಿ 14ಕ್ಕೆ ಲೀಗ್ ಶುರುವಾಯಿತು, ಅದೂ ಪಂದ್ಯಗಳನ್ನು ಕಡಿಮೆ ಮಾಡಿ.

ಯುರೋಪಿನಲ್ಲಿ ಹೋರಾಟ ಮುಂದುವರಿದಿದೆ. 2024ರ ಅಕ್ಟೋಬರ್ 4ರಂದು ಫ್ರಾನ್ಸಿನ ಆಟಗಾರ ಲಸ್ಸಾನಾ ಡಿಯಾರಾ ಪ್ರಕರಣದಲ್ಲಿ, ಒಪ್ಪಂದ ಮುರಿದ ಆಟಗಾರನನ್ನು ಸೇರಿಸಿಕೊಳ್ಳುವ ಹೊಸ ಕ್ಲಬ್ಬಿಗೂ ಶಿಕ್ಷೆ ಬೀಳುವಂತೆ ಫಿಫಾ ಮಾಡಿದ್ದ ನಿಯಮಗಳು ಯುರೋಪಿನ ಕಾನೂನಿಗೆ ವಿರುದ್ಧ ಎಂದು ಯುರೋಪಿಯನ್ ನ್ಯಾಯಾಲಯ ಹೇಳಿತು. ಭಾರತದ ಆಟಗಾರರಿಗೂ 2006ರಿಂದ ಸಂಘವಿದೆ. ಇಂಗ್ಲೆಂಡಿನ ಸಂಘಕ್ಕೆ 1961ರಲ್ಲಿದ್ದ ಕಸುವು ಅದಕ್ಕೆ ಇನ್ನೂ ಬಂದಿಲ್ಲ, ಬರಬೇಕು. ಸಪ್ತಾಪುರದ ಹುಡುಗರು ಛೆಟ್ರಿಯ ತಂಡದ ಸಂಬಳ ನಿಂತದ್ದರ ಬಗ್ಗೆಯೂ ಇಸಾಕ್‌ನ ಬಗ್ಗೆ ಮಾಡಿದಷ್ಟೇ ಜೋರಾಗಿ ಜಗಳವಾಡಲಿ ಎಂದು ನಾನು ಬಯಸುತ್ತೇನೆ.